ಭಜ್ಜಿಯೊಳಗಿನ ಹೊಲ

ಎಳ್ಳ ಅಮಾವಾಸ್ಯೆಗೆ ಯಾದಗಿರಿ, ಶಹಾಪುರ, ಸುರಪುರದ ರೈತ ಕುಟುಂಬಗಳು ಹೊಲಕ್ಕೆ ಬುತ್ತಿ ಒಯ್ದು, ಭೂತಾಯಿಗೆ ಚರಗ ಚೆಲ್ಲಿ ಉಣ್ಣುತ್ತವೆ. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಲ್ಲಕ್ಕೂ ಮಿಗಿಲಾಗಿ ಹಸಿಕಾಳು, ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ. ಈ ಭಜ್ಜಿಯನ್ನು ಎರೆಹೊಲದ ಬೇಸಾಯದ ದಾಖಲೆಯೆಂದೇ ಓದಬೇಕು. ಹಸಿ ತೊಗರಿ, ಕಡಲೆ, ಅವರೆ, ಬದನೆ, ಮೆಂತ್ಯೆ ಒಂದೇ ಗಡಿಗೆಯಲ್ಲಿ ಬೇಯಬೇಕಾದರೆ ಒಂದೇ ಹೊತ್ತಿಗೆ ಕೈಗೆ ಸಿಗಬೇಕು. ಮುಂಗಾರಿನಲ್ಲಿ ಬಿತ್ತಿದ ತೊಗರಿ ಕಾಯಿಕಟ್ಟಿ, ಹಿಂಗಾರಿಯ ಕಡಲೆ ಇನ್ನೂ ಹಸಿರಾಗಿರುವ ಹೊತ್ತು ಇದು. ಮಾರಾಟಕ್ಕಷ್ಟೇ ಅಲ್ಲ, ಮನೆಯ ಊಟಕ್ಕೂ ಹಲವು ಕಾಳು ಬಿತ್ತಿದವರಷ್ಟೇ ಇಂಥ ಅಡುಗೆ ರೂಢಿಸಿಕೊಂಡಾರು.

ಹಳೆಯ ಊಟ ಹೊಗಳುವುದೆಂದರೆ ಬರವನ್ನು ಮರೆಯುವುದು ಎಂಬ ಆಕ್ಷೇಪವುಂಟು. ಅದು ನ್ಯಾಯವೇ: ಮಳೆ ಕೈಕೊಟ್ಟ ವರ್ಷ ಗಡಿಗೆಯೂ ಬರಿದು. 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ಶಹಾಪುರ, ಸುರಪುರಕ್ಕೆ ಕೃಷ್ಣೆಯ ನೀರು ತಂದಿತು, ಬದುಕನ್ನೂ ತಂದಿತು. ಆದರೆ ಈ ಕಾಲುವೆಯನ್ನು ಒಳಗೊಂಡ ಕೃಷ್ಣಾ ಮೇಲ್ದಂಡೆ ಯೋಜನೆ ಲೆಕ್ಕ ಹಾಕಿದ್ದು ಜೋಳ, ಕಾಳುಗಳಂಥ ಕಡಿಮೆ ನೀರಿನ ಬೆಳೆಗಳಿಗೆ, ಹಬ್ಬಿದ್ದು ಭತ್ತ. ಮೇಲಿನ ಗದ್ದೆ ತುಂಬಿದರೆ ಕಾಲುವೆಯ ಕೊನೆಯ ಹೊಲ ಒಣಗುತ್ತದೆ. ಭತ್ತ ತುಂಬಿದ ಹೊಲದಲ್ಲಿ ಕಾಳಿಗೆ ಜಾಗವಿಲ್ಲ. ಹೀಗಾಗಿ ಭಜ್ಜಿಯ ಕಾಳು ಸಂತೆಯಿಂದ ಬರುವಂತಾದದ್ದಕ್ಕೆ ನೀರು ಕಾರಣವಲ್ಲ, ಅದನ್ನು ಒಂದೇ ಬೆಳೆಗೆ ಹರಿಸಿದ ನಮ್ಮ ಆಯ್ಕೆ ಕಾರಣ.