ಹೊಕ್ಕುಳುಬಳ್ಳಿಯ ನೆತ್ತರು

ನಾಭಿಯಿಂದ ಎಂಟಂಗುಲ ಬಿಟ್ಟು, ದಾರದಿಂದ ಕಟ್ಟಿ, ಬಳ್ಳಿಯನ್ನು ಕೊಯ್ಯಬೇಕೆಂದು ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ವಿಧಿಯುಂಟು. ಬಡಗಣ ಕರ್ನಾಟಕದ ಜನರ ಬಾಯಲ್ಲಿ ಕರುಳುಬಳ್ಳಿಯು ಕಳ್ಳುಬಳ್ಳಿಯಾಗಿ ಬಂಧುವರ್ಗಕ್ಕೆ ಸಂದಿತು. ಅದರೊಳಗಣ ನೆತ್ತರಾದರೋ ಮಾಸಿನೊಡನೆ ಮಣ್ಣುಪಾಲಾಯಿತು.

1988ರಲ್ಲಿ ಪ್ಯಾರಿಸಿನ ವೈದ್ಯೆ ಎಲಿಯಾನ್ ಗ್ಲುಕ್‌ಮನ್ ಫ್ಯಾಂಕೋನಿ ರಕ್ತಕ್ಷಯದ ಬಾಲಕನೊಬ್ಬನಿಗೆ ಅವನ ತಂಗಿಯ ಹೊಕ್ಕುಳುಬಳ್ಳಿಯ ನೆತ್ತರನ್ನಿತ್ತು ಗುಣಪಡಿಸಿದರು. ರಕ್ತವನ್ನು ಹುಟ್ಟಿಸುವ ಮೂಲಕೋಶಗಳು ಅದರಲ್ಲಿ ಹೇರಳವಾಗಿರುವುದೇ ಇದಕ್ಕೆ ಕಾರಣ. 1992ರಲ್ಲಿ ನ್ಯೂಯಾರ್ಕಿನ ರಕ್ತಕೇಂದ್ರದಲ್ಲಿ ಸಾರ್ವಜನಿಕ ಭಂಡಾರವು ಏರ್ಪಟ್ಟಿತು.

ಇಲ್ಲಿ ಗಮನಿಸತಕ್ಕುದೇನೆಂದರೆ, ಆ ನೆತ್ತರು ಒಡಹುಟ್ಟಿದವಳದು, ರೋಗಿಯ ಸ್ವಂತದ್ದಲ್ಲ. ಆನುವಂಶಿಕ ರೋಗದಲ್ಲಿ ಸ್ವಂತ ನೆತ್ತರಿಗೂ ಅದೇ ದೋಷವಿರುವುದು. ಮುಂದೆ ತನಗೇ ಬೇಕಾದೀತೆಂದು ಶಿಶುವಿನ ನೆತ್ತರನ್ನು ಹಣತೆತ್ತು ಕಾದಿಡುವುದಕ್ಕೆ ಶಾಸ್ತ್ರಾಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಹೇಳಿದುದು ಯುಕ್ತವೇ ಸರಿ.

ರಾಯಚೂರು, ದೇವದುರ್ಗ, ಮಾನ್ವಿಗಳ ಹೆರಿಗೆಮನೆಗಳಿಗೆ ಇದಕ್ಕಿಂತ ಗುರುತರವಾದ ವಿಚಾರವೊಂದುಂಟು. 2019-21ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳು ಮೀರಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಮಿಕ್ಕು ರಕ್ತಹೀನರು. ಹೆರಿಗೆಯಾದ ಮೇಲೆ ಒಂದರಿಂದ ಮೂರು ನಿಮಿಷ ತಡೆದು ಬಳ್ಳಿಯನ್ನು ಕಟ್ಟಿದರೆ ಮಾಸಿನ ನೆತ್ತರು ಶಿಶುವಿಗೇ ಹರಿದು, ತಿಂಗಳುಗಟ್ಟಲೆ ಸಾಲುವ ಕಬ್ಬಿಣಾಂಶವನ್ನು ಕೂಡಿಸುವುದು. ಭಂಡಾರಕ್ಕೆಂದು ಅವಸರದಿಂದ ಕೊಯ್ದಲ್ಲಿ ಅಷ್ಟೂ ಶಿಶುವಿಗೆ ನಷ್ಟ.