‘ಫೀಬಲ್’: ಮರುಕದಿಂದ ಕಾಯಿದೆಯವರೆಗೆ

ದೇಹದ ನಿಶ್ಶಕ್ತಿಯನ್ನು ಸೂಚಿಸುವ ‘ಫೀಬಲ್’ ಎಂಬ ಇಂಗ್ಲಿಷ್ ಪದದ ಮೂಲವು ಲ್ಯಾಟಿನ್ನಿನ ‘ಫ್ಲೆಬಿಲಿಸ್’ ಆಗಿದ್ದು, ಅಳುವುದು ಎಂಬರ್ಥದ ‘ಫ್ಲೆರೆ’ ಕ್ರಿಯಾಪದದಿಂದ ಹುಟ್ಟಿದ ಆ ರೂಪಕ್ಕೆ ಕಣ್ಣೀರಿಗೆ ತಕ್ಕದ್ದು, ಮರುಕಕ್ಕೆ ಪಾತ್ರವಾದದ್ದು ಎಂಬ ಅರ್ಥವಿತ್ತು. ಹಳೆಯ ಫ್ರೆಂಚಿನಲ್ಲಿ ಒಂದು ಲಕಾರವನ್ನು ಕಳೆದುಕೊಂಡ ಈ ಪದ, 1066ರ ನಾರ್ಮನ್ ವಿಜಯದ ತರುವಾಯ ಇಂಗ್ಲಿಷಿಗೆ ಬಂದ ಅಸಂಖ್ಯ ಫ್ರೆಂಚ್ ಶಬ್ದಗಳೊಡನೆ ಸೇರಿ, ರೋಗದಿಂದಲೋ ಮುಪ್ಪಿನಿಂದಲೋ ಕಸುವು ಕುಂದಿದವರ ಸ್ಥಿತಿಗೆ ಹೆಸರಾಯಿತು. ಇದರ ಸೋದರಪದವಾದ ‘ಫಾಯ್ಬಲ್’ 17ನೆಯ ಶತಮಾನದಲ್ಲಿ ಕತ್ತಿವರಸೆಯ ಪರಿಭಾಷೆಯಾಗಿ, ಎಂದರೆ ಅಲಗಿನ ನಡುವಿನಿಂದ ತುದಿಯವರೆಗಿನ ದುರ್ಬಲ ಭಾಗದ ಹೆಸರಾಗಿ ಬಳಕೆಗೆ ಬಂದು, ಮುಂದೆ ಸ್ವಭಾವದ ಸಣ್ಣ ಕುಂದನ್ನು ಸೂಚಿಸತೊಡಗಿತು.

ದೇಹದ ಬಲಹೀನತೆಯ ಪದಗಳು ಬುದ್ಧಿಯನ್ನು ಅಳೆಯುವ ಮಾನದಂಡಗಳಾದದ್ದು ಈ ಚರಿತ್ರೆಯ ಅತ್ಯಂತ ನೋವಿನ ಅಧ್ಯಾಯ. ಬ್ರಿಟನ್ನಿನ 1913ರ ಮಾನಸಿಕ ನ್ಯೂನತಾ ಕಾಯಿದೆಯು ‘ಫೀಬಲ್-ಮೈಂಡೆಡ್’, ಅಂದರೆ ದುರ್ಬಲಮನಸ್ಕರು, ಎಂಬುದನ್ನು ಕಾನೂನಿನ ವರ್ಗವನ್ನಾಗಿಸಿ ಜನರನ್ನು ಸಂಸ್ಥೆಗಳಲ್ಲಿ ಕೂಡಿಡಲು ಅವಕಾಶ ನೀಡಿತು. ಮೂಲತಃ ನಿಶ್ಶಕ್ತ ಎಂಬರ್ಥದ್ದೇ ಆದ ‘ಇಂಬೆಸಿಲ್’ ಕೂಡ ಅದೇ ಕಾಯಿದೆಯ ಮತ್ತೊಂದು ವರ್ಗವಾಯಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1927ರಲ್ಲಿ, ಬಕ್ ವಿರುದ್ಧ ಬೆಲ್ ಪ್ರಕರಣದಲ್ಲಿ, ಇಂಥ ಹಣೆಪಟ್ಟಿ ಹೊತ್ತವರ ಬಲವಂತದ ಸಂತಾನಹರಣಕ್ಕೆ ಅವಕಾಶವಿತ್ತ ವರ್ಜೀನಿಯಾದ ಕಾನೂನನ್ನು ಎತ್ತಿಹಿಡಿಯಿತು. ಬ್ರಿಟನ್ನಿನ ಆ ಕಾಯಿದೆ 1959ರಲ್ಲಿ ರದ್ದಾಗಿ ವರ್ಗದ ಹೆಸರೂ ಶಾಸನದಿಂದ ಮರೆಯಾಯಿತಾದರೂ, ಮರುಕದಿಂದ ಹುಟ್ಟಿದ ಪದವೊಂದು ಮನುಷ್ಯರನ್ನು ಹೊರಗಿಡುವ ಸಾಧನವಾದ ಬಗೆಯು, ಹೆಸರಿಡುವ ಅಧಿಕಾರವನ್ನು ಎಷ್ಟು ಎಚ್ಚರದಿಂದ ಬಳಸಬೇಕೆಂಬುದನ್ನು ಇಂದಿಗೂ ನೆನಪಿಸುತ್ತದೆ.