ಜಪ್ತಿಯ ತಮಟೆ ಕೇಳಿಸದವರು

ಡಿಕ್ರಿ ಕೈಗೆ ಬಂದ ಮೇಲೇ ಕಕ್ಷಿದಾರನ ಕಷ್ಟ ಶುರುವಾಗುವುದು ಎಂಬರ್ಥದ ಮಾತನ್ನು ಪ್ರಿವಿ ಕೌನ್ಸಿಲ್ 1872ರಲ್ಲೇ ಆಡಿತ್ತು. ವಕೀಲಿಯ ಬಹುಪಾಲನ್ನು ಅಮಲ್ಜಾರಿ ಅರ್ಜಿಗಳಲ್ಲೇ ಕಳೆದ ನಾನು ಅದನ್ನು ಒಪ್ಪುತ್ತೇನೆ. ಆದರೆ ಡಿಕ್ರಿದಾರನ ಕಷ್ಟ ಹೇಳಿದಷ್ಟು ಗಟ್ಟಿಯಾಗಿ ಮೂರನೆಯವನ ಕಷ್ಟವನ್ನು ಯಾರೂ ಹೇಳಲಿಲ್ಲ. ಸಾಲ ಕೊಟ್ಟವನೊಬ್ಬ, ತಗೊಂಡವನೊಬ್ಬ. ಜಪ್ತಿಯಾದದ್ದು ಇಬ್ಬರಿಗೂ ಸೇರದ ಹೊಲ.

ಇಂಥವರು ತಕರಾರು ಅರ್ಜಿ ಹಾಕಬಹುದೆಂದು 1859ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳಿತ್ತು. ಜೊತೆಗೇ ಒಂದು ಗುಮಾನಿಯೂ ಇತ್ತು. ಸಾಲಗಾರ ಹೆಂಡತಿಯನ್ನೋ ಭಾಮೈದನನ್ನೋ ಮುಂದೆ ಬಿಟ್ಟು ಹರಾಜು ತಪ್ಪಿಸುತ್ತಾನೆ ಎಂಬ ಗುಮಾನಿ. ಅದಕ್ಕೇ, ಬೇಕೆಂತಲೇ ತಡ ಮಾಡಿದ ತಕರಾರನ್ನು ವಿಚಾರಿಸಬೇಕಿಲ್ಲ ಎಂಬ ಷರತ್ತು ಬಂತು. ಗುಮಾನಿ ಸುಳ್ಳೇನಲ್ಲ. ಹರಾಜಿನ ಹಿಂದಿನ ದಿನ ದಿಢೀರನೆ ಹುಟ್ಟಿಕೊಂಡ ಕ್ರಯಪತ್ರಗಳನ್ನು ನಾನೂ ನೋಡಿದ್ದೇನೆ. ಆದರೆ ತಡವಾಗಿ ಬಂದವರೆಲ್ಲ ಕಳ್ಳರಲ್ಲ.

ಸ್ಥಿರಾಸ್ತಿಯ ಜಪ್ತಿ ಹೇಗೆ ನಡೆಯುತ್ತಿತ್ತು ಎಂದು ನೋಡಬೇಕು. ಅಮೀನ ಜಮೀನಿನ ಹತ್ತಿರ ತಮಟೆ ಹೊಡೆಸಿ ಕೂಗಿಸುತ್ತಾನೆ, ಆದೇಶದ ಪ್ರತಿಯೊಂದನ್ನು ಜಾಗದಲ್ಲಿ ಎದ್ದು ಕಾಣುವ ಕಡೆ ಅಂಟಿಸುತ್ತಾನೆ, ಇನ್ನೊಂದು ಕೋರ್ಟಿನ ಗೋಡೆಗೆ. ಪಂಚರ ರುಜು, ಓದು ಬಾರದವರ ಹೆಬ್ಬೆಟ್ಟು. ಇಷ್ಟಾದರೆ ಊರಿಗೆಲ್ಲ ತಿಳಿದಂತೆ. ಹೊಲದ ಬದುವಿನ ಹುಣಸೆಮರಕ್ಕೆ ಅಂಟಿಸಿದ ಕಾಗದ ಮಳೆಗಾಲದಲ್ಲಿ ಎಷ್ಟು ದಿನ ಉಳಿದೀತು?

ಎಂಬತ್ತರ ದಶಕದಲ್ಲಿ ತುಮಕೂರು ಕಡೆಯ ಒಬ್ಬ ವಿಧವೆ ನನ್ನಲ್ಲಿಗೆ ಬಂದರು. ಮೈದುನನ ಸಾಲಕ್ಕೆ ಇವರ ಭಾಗದ ಹೊಲವೂ ಜಪ್ತಿಯಾಗಿತ್ತು. ವಿಭಾಗಪತ್ರ ರಿಜಿಸ್ಟರ್ ಆಗಿತ್ತು, ಖಾತೆ ಮಾತ್ರ ಬದಲಾಗಿರಲಿಲ್ಲ. ತಮಟೆ ಹೊಡೆದಾಗ ಅವರು ಮಗಳ ಬಾಣಂತನಕ್ಕೆಂದು ಬೇರೆ ಊರಲ್ಲಿದ್ದರು. ವಾಪಸು ಬರುವಷ್ಟರಲ್ಲಿ ಹರಾಜು ಮುಗಿದಿತ್ತು. ನಾನು ಹಾಕಿದ ತಕರಾರು ಅರ್ಜಿ ವಿಚಾರಣೆಯೇ ಇಲ್ಲದೆ ವಜಾ ಆಯಿತು, ಏಕೆಂದರೆ ಹರಾಜಾದ ಮೇಲೆ ಬಂದ ತಕರಾರನ್ನು ಕೋರ್ಟು ಕೈಗೆತ್ತಿಕೊಳ್ಳುವಂತಿಲ್ಲ. ಉಳಿದದ್ದು ಒಂದೇ ದಾರಿ, ವರ್ಷದೊಳಗೆ ಬೇರೆ ದಾವೆ. ಕೋರ್ಟ್ ಫೀಗೆ ಅವರು ಓಲೆ ಅಡವಿಟ್ಟರು. ದಾವೆ ನಡೆಯುತ್ತಿದ್ದಾಗಲೇ ಅವರ ಹೊಲದಲ್ಲಿ ಬೇರೆಯವರು ರಾಗಿ ಬಿತ್ತಿದರು.

ಆ ಒಂದು ವರ್ಷದ ಗಡುವು ಹಳೆಯದು, 1859ರ ಸಂಹಿತೆಯಲ್ಲೇ ಇತ್ತು. ಹರಾಜಿನಲ್ಲಿ ಏಳುವ ಹಕ್ಕಿನ ಪ್ರಶ್ನೆ ಬೇಗ ಇತ್ಯರ್ಥವಾಗಲಿ ಎಂದೇ ವರ್ಷ ಗೊತ್ತುಮಾಡಿದ್ದು ಎಂದು ಪ್ರಿವಿ ಕೌನ್ಸಿಲ್ 1888ರಲ್ಲಿ ವಿವರಿಸಿತು. 1908ರ ಸಂಹಿತೆ ಬಂದ ಮೇಲೂ ಗಡುವು ಮುಂದುವರಿಯಿತು. ಆಗ ತಕರಾರಿನ ವಿಚಾರಣೆ ಮೇಲುಮೇಲಿನದಾಗಿತ್ತು, ಮುಖ್ಯವಾಗಿ ಸ್ವಾಧೀನ ಯಾರದು ಎಂದು ನೋಡುವಷ್ಟು. ಆದರೂ ಅಲ್ಲಿ ಸೋತವನು ವರ್ಷದೊಳಗೆ ದಾವೆ ಹೂಡದಿದ್ದರೆ ಆ ಆದೇಶವೇ ಅಂತಿಮ. ನಿಜವಾದ ಮಾಲೀಕನೂ ಹೀಗೆ ಜಮೀನು ಕಳೆದುಕೊಳ್ಳಬಹುದಿತ್ತು. ಇದನ್ನು ನಾನು ಇಂದಿಗೂ ಅನ್ಯಾಯವೆಂದೇ ಹೇಳುತ್ತೇನೆ.

1976ರ ತಿದ್ದುಪಡಿ 1977ರ ಫೆಬ್ರವರಿ 1ರಿಂದ ಜಾರಿಗೆ ಬಂದು, ಹಕ್ಕು ಸ್ವಾಮ್ಯವನ್ನೆಲ್ಲ ಅಮಲ್ಜಾರಿ ಕೋರ್ಟೇ ತೀರ್ಮಾನಿಸಬೇಕೆಂದಿತು. ಆ ಆದೇಶಕ್ಕೆ ಡಿಕ್ರಿಯ ಬಲವನ್ನೂ, ಅಪೀಲನ್ನೂ ಕೊಟ್ಟಿತು. ದೊಡ್ಡ ಸುಧಾರಣೆ, ಸಂಶಯವಿಲ್ಲ. ಆದರೆ ಅದೇ ತಿದ್ದುಪಡಿ ಹರಾಜಾದ ಮೇಲಿನ ತಕರಾರಿಗೆ ಬಾಗಿಲು ಹಾಕಿತು. ಸಾಲದೆಂಬಂತೆ, ಸ್ಥಿರಾಸ್ತಿಯ ಹರಾಜಿಗೆ ಮುಂಚೆ ಕೊಡಬೇಕಿದ್ದ ಕನಿಷ್ಠ 30 ದಿನವನ್ನು 15ಕ್ಕೆ ಇಳಿಸಿತು. ಬರುವವನು ಬೇಗ ಬರಬೇಕು, ಬರಲು ಇರುವ ದಿನಗಳು ಮಾತ್ರ ಅರ್ಧ!

2021ರಲ್ಲಿ ಬೆಂಗಳೂರಿನ ಮೈಸೂರು ರಸ್ತೆಯ ಜಮೀನಿನ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟು ಅಮಲ್ಜಾರಿಯನ್ನು 6 ತಿಂಗಳಲ್ಲಿ ಮುಗಿಸಬೇಕೆಂದು ನಿರ್ದೇಶಿಸಿತು. ಸ್ವಾಧೀನದ ದಾವೆಗಳಲ್ಲಿ ಮೂರನೆಯವರ ಹಕ್ಕು ಇದೆಯೇ ಎಂದು ಆರಂಭದಲ್ಲೇ ಕಕ್ಷಿದಾರರನ್ನು ಕೇಳಬೇಕೆಂದೂ ಹೇಳಿತು. ಆ ಎರಡನೆಯ ಮಾತು ನನಗೆ ಹೆಚ್ಚು ಮುಖ್ಯ. ಇದನ್ನು ಸಾಲದ ಡಿಕ್ರಿಗಳಿಗೂ ತರಬೇಕು. ಜಪ್ತಿಗೆ ಮುಂಚೆ ಪಹಣಿಯಲ್ಲಿ ಹೆಸರಿದ್ದವರಿಗೂ, ನೋಂದಾಯಿತ ಪತ್ರಗಳಲ್ಲಿ ಕಂಡವರಿಗೂ ಒಂದೊಂದು ನೋಟಿಸು ಹೋಗಲಿ. ಆಮೇಲೆ ತಡವಾಯಿತೆಂದು ಯಾರನ್ನಾದರೂ ಕೇಳಲಿ.